ಅಪ್ಪನ ಗಂಗಾಳ

ನಮ್ಮ ಮನೆಯಲ್ಲಿ ಉಂಡ ಗಂಗಾಳದಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಂದು ಅಗುಳೂ ಇಲ್ಲ, ಬೆರಳಿಗಂಟುವಷ್ಟು ಪಲ್ಯವೂ ಇಲ್ಲ. ಇದು ಬಡತನದ ಮಾತಲ್ಲ. ಕೊರಳಲ್ಲಿ ಲಿಂಗವಿರುವವರಿಗೆ ಬಡಿಸಿದ್ದೆಲ್ಲ ಪ್ರಸಾದ, ಅದನ್ನು ಬಿಟ್ಟೇಳುವುದು ನೀಡಿದವರಿಗೆ ಬೆನ್ನು ತಿರುಗಿಸಿದಂತೆ ಎಂದು ಹಿರಿಯರು ಕಲಿಸಿದ್ದರು. ಉಂಡಾದ ಮೇಲೆ ಗಂಗಾಳಕ್ಕೆ ಒಂದಿಷ್ಟು ನೀರು ಸುರಿದು, ಬೆರಳಿನಿಂದ ಸುತ್ತಲೂ ಸವರಿ ತೊಳೆದು, ಆ ನೀರನ್ನೂ ಎತ್ತಿ ಕುಡಿಯಬೇಕು. ಅಪ್ಪನದು ಅಗಲವಾದ ಕಂಚಿನ ಗಂಗಾಳ. ಅದರ ಒಂದು ಅಂಚು ಎಂದೋ ಬಿದ್ದು ನೆಗ್ಗಿತ್ತು. ಎರಡೂ ಕೈಯಿಂದ ಎತ್ತಿ ಕುಡಿದು ಅವನು ಅದನ್ನು ನೆಲದ ಪರಸಿ ಕಲ್ಲಿನ ಮೇಲೆ ಇಟ್ಟನೆಂದರೆ, ಆ ಸಪ್ಪಳಕ್ಕೇ ಶರಣಪ್ಪ ಗೌಂಡಿಯ ಊಟವಾಯಿತೆಂದು ಹೊರಗೆ ಕಟ್ಟೆಯ ಮೇಲೆ ಕೂತವರಿಗೆ ತಿಳಿಯುತ್ತಿತ್ತು.

ನೆಲೋಗಿಯಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದು ಒಂದು ತಾಸು ನಡೆದರೆ ನಮ್ಮ ಊರು. ಮೂರು ಅಂಕಣದ ಮನೆ. ಅಪ್ಪ ತಾನೇ ಕಲ್ಲು ಆರಿಸಿ, ತಾನೇ ಕಟ್ಟಿದ್ದು. ಅಡುಗೆಮನೆಗೆ ಮಾಳಿಗೆಯ ಬೆಳಕಿಂಡಿಯೊಂದೇ ಬೆಳಕು. ಮಧ್ಯಾಹ್ನ ಆ ಬಿಸಿಲು ನೇರ ಒಲೆಯ ಮುಂದೆ ಬೀಳುತ್ತಿತ್ತು, ಅಲ್ಲಿ ನಮ್ಮ ಅತ್ತಿ ಕೂತಿರುತ್ತಿದ್ದಳು. ಅತ್ತಿ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದವಳು, ಅದೇ ವರ್ಷ ತಾಯಿಯನ್ನು ಕಳೆದುಕೊಂಡ ತಮ್ಮನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹಾಲು-ರೊಟ್ಟಿ ಕಲಸಿ ಉಣ್ಣಿಸಿ ದೊಡ್ಡವನನ್ನು ಮಾಡಿದವಳು. ನಮ್ಮವ್ವ ಸೊಸೆಯಾಗಿ ಬಂದ ಮೇಲೂ ಬಡಿಸುವ ಸೌಟು ಅತ್ತಿಯ ಕೈ ಬಿಡಲಿಲ್ಲ. ರೊಟ್ಟಿ ಬಡಿಯುವುದು ಅವ್ವ, ಪಲ್ಯ ಮಾಡುವುದು ಅವ್ವ, ಬಡಿಸುವುದು ಮಾತ್ರ ಅತ್ತಿ. ತಮ್ಮನ ಗಂಗಾಳದಲ್ಲಿ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬೀಳಬೇಕು. ಬೇಡವೆಂದು ಅವನು ಕೈ ಅಡ್ಡ ಹಿಡಿದರೆ, ಬೆರಳ ಸಂದಿಯಿಂದಲೇ ತುಪ್ಪ ಸುರಿಯುತ್ತಿದ್ದಳು.

ಮನೆ ಕಟ್ಟುವ ಗೌಂಡಿಯೆಂದು ಅಪ್ಪನ ಹೆಸರು ಮೂರು ತಾಲೂಕಿನಲ್ಲಿ ನಡೆಯುತ್ತಿತ್ತು. ಜೇವರ್ಗಿಯಲ್ಲಿ ಅಂಗಡಿಗಳು, ಅಫಜಲಪುರದ ಕಡೆ ದೊಡ್ಡ ಮನೆಗಳು, ಆಳಂದದ ಹಳ್ಳಿಗಳಲ್ಲಿ ವಾಡೆಗಳು. ಹೊಸ ಮನೆಗೆ ತಲೆಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಮನೆಯವರು ಬೆಲ್ಲ ಹಾಕಿ ಗೋಧಿ ಹುಗ್ಗಿ ಮಾಡಿ, ಎಲ್ಲರಿಗಿಂತ ಮೊದಲು ಗೌಂಡಿಗೆ ಬಡಿಸುತ್ತಿದ್ದರು. ಗೌಂಡಿಯ ಬಾಯಿ ಸಿಹಿಯಾಗದೆ ಮನೆಗೆ ಒಳಿತಾಗದೆಂಬ ನಂಬಿಕೆ. ಗೌಂಡಿ ಅರ್ಧಕ್ಕೆ ಕೈ ತೊಳೆದರೆ ಆ ಮನೆಯ ಹೆಂಗಸರ ಮುಖ ಸಣ್ಣದಾಗುತ್ತಿತ್ತು. ಅಪ್ಪನೋ ಎರಡು ಸಲ ಹಾಕಿಸಿಕೊಂಡು, ಗಂಗಾಳ ತೊಳೆದ ನೀರು ಕುಡಿದು, ಚೌಕಟ್ಟಿಗೆ ಕೈ ಮುಗಿದು ಎದ್ದು ಬರುವವನು.

ಒಂದು ಬೇಸಿಗೆ, ಘತ್ತರಗಿಯಲ್ಲಿ ಯಾತ್ರಿಕರು ಇಳಿಯುವ ಕೋಣೆ ಕಟ್ಟುವಾಗ, ಅಪ್ಪನಿಗೆ ನೀರಡಿಕೆ ಹತ್ತಿತು. ಭೀಮಾ ನದಿ ಪಕ್ಕದಲ್ಲೇ ಇದ್ದರೂ ಇವನ ಗಂಟಲು ಆರುವುದು ನಿಲ್ಲಲಿಲ್ಲ. ಕೊಡ ಖಾಲಿ ಮಾಡಿದರೂ ಮತ್ತೆ ನೀರು. ಮೈ ಕರಗಿತು, ಅಂಗಿಯ ತೋಳು ಜೋತುಬಿದ್ದವು. ಅವ್ವ ಹಟ ಹಿಡಿದು ಜೇವರ್ಗಿಯ ದವಾಖಾನೆಗೆ ಕರೆದೊಯ್ದಳು. ಅವರ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಉಚ್ಚೆ ನೋಡಿ ಹೇಳಿದರು:

"ಶರಣಪ್ಪ, ನಿನಗ ಸಕ್ಕರಿ ಬ್ಯಾನಿ ಅದ."

"ಸಕ್ಕರಿ ಮಂದಿ ಅಲ್ರಿ ಸಾಹೇಬ್ರ ನಾವು, ಬೆಲ್ಲದ ಮಂದಿ."

"ಬೆಲ್ಲನೂ ಬಿಡಬೇಕು. ಹೋಳಿಗಿ, ಹುಗ್ಗಿ ಎಲ್ಲಾ ಬಂದ್. ಅನ್ನ ಒಂದ್ ಮುಟಗಿ. ರೊಟ್ಟಿ ಎಣಿಸಿ ಉಣ್ಣು."

"ಎಲ್ಲಾ ಬಿಟ್ಟು ಜೀವ ಒಂದರೆ ಇಟಗೊಳ್ಳಲೇನ್ರಿ?"

"ಅದನ್ನ ಇಟಗೊಳ್ಳಾಕ ಹೇಳಾಕತ್ತೇನಿ."

ಗುಳಿಗೆಯ ಜೊತೆ ಒಂದು ನೀಲಿ ದ್ರಾವಣದ ಬಾಟಲಿ, ಗಾಜಿನ ನಳಿಗೆ ಕೊಟ್ಟರು. ನಳಿಗೆಯಲ್ಲಿ ಆ ನೀಲಿ ನೀರು ಹಾಕಿ, ಎಂಟು ಹನಿ ಉಚ್ಚೆ ಬಿಟ್ಟು ಕಾಯಿಸಬೇಕು. ಬಣ್ಣ ನೀಲಿಯಾಗಿಯೇ ಉಳಿದರೆ ಒಳ್ಳೆಯದು, ಹಸಿರು, ಹಳದಿ ಆದಂತೆ ಸಕ್ಕರೆ ಹೆಚ್ಚು, ಕೆಂಪಾದರೆ ಅಪಾಯ. ಅಕ್ಷರ ಬಾರದ ಅವ್ವ ಆ ಬಣ್ಣಗಳನ್ನು ಒಂದೇ ಸಲಕ್ಕೆ ಕಲಿತಳು. ಬಸ್ಸಿನಲ್ಲಿ ಬರುವಾಗ ಅಪ್ಪ ಒಂದೇ ಮಾತು ಆಡಿದ:

"ಈ ಸುದ್ದಿ ನಮ್ಮ ಹೊಸ್ತಿಲ ದಾಟಬಾರದು. ಬ್ಯಾನಿಬಿದ್ದ ಗೌಂಡಿ ಕೈಲೆ ಯಾರ್ ಮನಿ ಕಟ್ಟಸ್ತಾರ?"

ಡಾಕ್ಟರ ಚೀಟಿಯಲ್ಲಿ ಗುಳಿಗೆಯ ಹೆಸರಿತ್ತು, ಅತ್ತಿಯ ಹೆಸರಿರಲಿಲ್ಲ. ಮನೆಯಲ್ಲಿ ಆ ದಿನದಿಂದ ಶುರುವಾದ ಜಗಳ ಒಲೆಯ ಬೂದಿಯಂತೆ, ದಿನಾ ತೆಗೆದರೂ ದಿನಾ ಇರುತ್ತಿತ್ತು. ಅವ್ವ ಎರಡು ರೊಟ್ಟಿ ಎಣಿಸಿ ಇಟ್ಟರೆ ಅತ್ತಿ ಮೂರನೆಯದನ್ನು ಸೆರಗಿನಲ್ಲಿ ತಂದು ಹಾಕುತ್ತಿದ್ದಳು. ಅವಳಿಗೆ ತಮ್ಮನ ಇಳಿದ ಮೈ ಕಾಣುತ್ತಿತ್ತು, ಅದಕ್ಕೆ ಅವಳಿಗೆ ತಿಳಿದ ಔಷಧ ಅನ್ನ ಒಂದೇ.

"ಹೊಟ್ಟಿ ಕಟ್ಟಿ ಕೊಲ್ತೀ ಏನ್ ಬೇ ನನ್ ತಮ್ಮನ್ನ? ಆ ಡಾಕ್ಟರ್ ಏನ್ ಇವನ್ನ ಹಾಲ ಕುಡಿಸಿ ಬೆಳಸ್ಯಾನ?"

"ಅಕ್ಕಾರ, ನನಗೂ ಇವರು ಬೇಕ್ರಿ," ಎನ್ನುತ್ತಿದ್ದಳು ಅವ್ವ. ಅದಕ್ಕಿಂತ ಹೆಚ್ಚಿಗೆ ಆಡುವಂತಿರಲಿಲ್ಲ, ಗಂಡನ ಅಕ್ಕ.

ಅಪ್ಪ ಇಬ್ಬರ ನಡುವೆ ಕೂತು ಉಣ್ಣುತ್ತಿದ್ದ. ಹೆಂಡತಿಯ ಮಾತಿಗೆ ಹೂಂ, ಅಕ್ಕನ ಸೌಟಿಗೂ ಹೂಂ. ಗಂಗಾಳದಲ್ಲಿ ಬಿದ್ದದ್ದನ್ನು ಬಿಡುವಂತಿಲ್ಲವಲ್ಲ. ಬೆಳಿಗ್ಗೆ ಅವ್ವ ಚಿಮಣಿ ದೀಪದ ಮೇಲೆ ನಳಿಗೆ ಹಿಡಿದಾಗ ಬಣ್ಣ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿ, ಕೊನೆಗೆ ಸುಟ್ಟ ಇಟ್ಟಂಗಿಯ ಕೆಂಪಿಗೆ ನಿಲ್ಲುತ್ತಿತ್ತು. ಅವ್ವ ನಳಿಗೆಯನ್ನು ಅತ್ತಿಯ ಮುಂದೆ ಹಿಡಿಯುತ್ತಿದ್ದಳು. ಅತ್ತಿ ಮುಖ ತಿರುಗಿಸುತ್ತಿದ್ದಳು.

ಆ ವರ್ಷ ಪಂಚಮಿಗೆ ಅತ್ತಿ ತಮ್ಮನ ಗಂಗಾಳಕ್ಕೆ ನಾಲ್ಕು ಶೇಂಗಾ ಉಂಡೆ ಇಟ್ಟಳು. ಅಣ್ಣತಮ್ಮಂದಿರಿಗೆ ಅಕ್ಕತಂಗಿಯರು ಸಿಹಿ ಕೊಡುವ ಹಬ್ಬ ಅದು, ಯಾರು ಏನನ್ನಬೇಕು? ಅಪ್ಪ ಉಂಡೆಗಳನ್ನು ನೋಡುತ್ತ ಕೂತ. ಅವ್ವ ಒಲೆಯ ಹತ್ತಿರದಿಂದ ಉಂಡೆಗಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಹೆಗಲು ಹಿಡಿದು ಎಬ್ಬಿಸಿ ಹೇಳಿದಳು:

"ಬಸು, ಹೋಗಪಾ, ಅಪ್ಪನ ಗಂಗಾಳದಾಗ ಕೂತು ಉಣ್ಣು."

ನಾನು ಹೋಗಿ ಅಪ್ಪನ ಎದುರು ಕೂತೆ. ಅಪ್ಪ ಒಂದು ಗಳಿಗೆ ನನ್ನನ್ನು ನೋಡಿ, ಗಂಗಾಳವನ್ನು ಮೆಲ್ಲಗೆ ತಿರುಗಿಸಿದ. ನೆಗ್ಗಿದ ಅಂಚು ಉಂಡೆಗಳ ಸಮೇತ ನನ್ನ ಕಡೆ ಬಂತು. ನಾಲ್ಕನ್ನೂ ನಾನೇ ತಿಂದೆ. ತಂದೆ ಮಗ ಕೂಡಿ ಉಂಡರೆ ಯಾವ ಅಕ್ಕ ಬೇಡವೆಂದಾಳು? ಗಂಗಾಳದಲ್ಲಿ ಏನೂ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ನಳಿಗೆ ಹಸಿರಿಗೇ ನಿಂತಿತು.

ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಪುಂಡಿಪಲ್ಯ, ಎಣಿಸಿದ ರೊಟ್ಟಿ ಅಪ್ಪನ ಮಗ್ಗುಲಿಗೆ. ಸಿಹಿ, ಅನ್ನ, ಅತ್ತಿ ಕದ್ದು ಹಾಕಿದ ಮೂರನೆಯ ರೊಟ್ಟಿ ನೆಗ್ಗಿದ ಅಂಚಿಗೆ, ಅದು ನನ್ನದು. ಕೊನೆಗೆ ಗಂಗಾಳ ತೊಳೆದ ನೀರು ಅರ್ಧ ಅವನು, ಅರ್ಧ ನಾನು. ನೀಲಿ, ಹಸಿರು, ನೀಲಿ. ಅಪ್ಪನ ಮೈ ತುಂಬತೊಡಗಿತು. ತನ್ನ ಕೈಗುಣ ಎಂದು ಅತ್ತಿ ಹಿಗ್ಗಿದಳು. ಅವ್ವ ಆ ಹಿಗ್ಗನ್ನು ಅವಳಿಂದ ಕಸಿಯಲಿಲ್ಲ.

ಏಳನೇ ಇಯತ್ತೆ ಮುಗಿಸಿ ನಾನು ಶಾಲೆ ಬಿಟ್ಟೆ. ಕಸುಬಿನ ಆಸೆಗೆ ಬಿಟ್ಟೆನೆಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ದಡ್ಡನಿರಲಿಲ್ಲ ನಾನು, ಲೆಕ್ಕದಲ್ಲಿ ಇಡೀ ಶಾಲೆಗೆ ಮುಂದಿದ್ದೆ, ಇಂದಿಗೂ ಗೋಡೆ ನೋಡಿ ಕಲ್ಲಿನ ಲೆಕ್ಕ ಬಾಯಲ್ಲೇ ಹೇಳುತ್ತೇನೆ. ನಿಜ ಏನೆಂದರೆ ಅವ್ವ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು ಅಂದಿದ್ದಳು:

"ಮನ್ಯಾಗ ನಾ ನೋಡಕೊಳ್ತೇನಿ. ಊರೂರಾಗ ಇವರ ಮುಂದ ಹುಗ್ಗಿ ಇಡೋರು ಬಾಳ ಮಂದಿ ಇದ್ದಾರ. ನೀ ಅಪ್ಪನ ಕೂಡ ಹೋಗ್ತೀ ಏನಪಾ?"

ಹೋದೆ. ಕೆಲಸವನ್ನೂ ಕಲಿತೆ, ಉಣ್ಣುವ ಕೆಲಸವನ್ನೂ ಮಾಡಿದೆ. ಎಲ್ಲಿ ಚೌಕಟ್ಟು ನಿಂತರೂ ಅಪ್ಪ, "ನಾವ್ ತಂದಿ ಮಗ ಒಂದ ತಾಟಿನ್ಯಾಗ ಉಣ್ಣೋರ್ರಿ," ಎಂದುಬಿಡುತ್ತಿದ್ದ. ಎಂಥ ಪ್ರೀತಿ ಎಂದು ಮನೆಯವರು ಕೊಂಡಾಡುತ್ತಿದ್ದರು. ಹುಗ್ಗಿಯ ಮೊದಲ ತುತ್ತನ್ನು ಅಪ್ಪ ನಾಲಿಗೆಗೆ ತಾಗಿಸುತ್ತಿದ್ದ, ಉಳಿದದ್ದೆಲ್ಲ ನಾನು. ಹೀಗೆ ಐದಾರು ವರ್ಷ ನಡೆಯಿತು. ನನಗೆ ಮೀಸೆ ಬಂತು, ಭುಜ ಅಗಲವಾಯಿತು. ಒಂದೇ ಏಟಿಗೆ ಕಲ್ಲಿನ ಮೂಲೆ ತೆಗೆಯುವುದು ಕೈಗೆ ಹತ್ತಿತು. ಆದರೆ ಊಟದ ಹೊತ್ತಿಗೆ ಮಾತ್ರ ನಾನು ಅಪ್ಪನ ಗಂಗಾಳದ ಮುಂದೆ ಸಣ್ಣವನಾಗಿ ಕೂಡಬೇಕಿತ್ತು. ಏಕೆ ಎಂದು ಹೇಳುವಂತಿರಲಿಲ್ಲ.

ಮಾದನಹಿಪ್ಪರಗಾದಲ್ಲಿ ಒಬ್ಬ ಗೌಡರ ಮನೆ ಹಿಡಿದಿದ್ದೆವು. ಅವರ ತಲೆಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಅಪ್ಪ ಗುಂಡು ಕಟ್ಟಿದ ದಾರವನ್ನು ನನ್ನ ಕೈಗೆ ಕೊಟ್ಟ. ಅದುವರೆಗೆ ಚೌಕಟ್ಟಿಗೆ ಅವನಲ್ಲದೆ ಬೇರೆಯವರು ಕೈ ಹಚ್ಚಿದ್ದಿಲ್ಲ. ದಾರ ಇಳಿಬಿಟ್ಟು, ಉಸಿರು ಹಿಡಿದು, ಸಾಗವಾನಿಯ ಆ ಭಾರದ ಚೌಕಟ್ಟನ್ನು ಕೂದಲೆಳೆಯಷ್ಟೂ ವಾಲದಂತೆ ನಿಲ್ಲಿಸಿದೆ. ಅಪ್ಪ ಒಂದು ಕಣ್ಣು ಮುಚ್ಚಿ ನೋಡಿದ. ಹೆಗಲ ಮೇಲಿನ ವಸ್ತ್ರ ತೆಗೆದು ನನ್ನ ಬೆನ್ನಿನ ಬೆವರು ಒರೆಸಿದ. ಗೌಡರು ಹೆಂಡತಿಯನ್ನು ಕರೆದು, ನಿಲ್ಲಿಸಿದ್ದು ಈ ಹುಡುಗ ಎಂದು ತೋರಿಸಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಊಟಕ್ಕೆ ಕೂತೆವು. ಅಪ್ಪನ ಮುಂದೆ ತಾಟು ಬಂತು, ಹುಗ್ಗಿ ಬಂತು. ನಾನು ರೂಢಿಯಂತೆ ಎದುರು ಕೂಡಲು ಹೋದೆ. ಕಲ್ಲು ಒಡೆಯುವ ಮಲ್ಲೇಶಿ ಎಂಬುವನು ಸಾಲಿನ ಕೊನೆಯಿಂದ ಕೂಗಿದ:

"ಶರಣಪ್ಪಣ್ಣಾ, ಮೀಸಿ ಬಂದ ಮಗಗ ಇನ್ನಾ ತುತ್ತ ಮಾಡಿ ಉಣಸ್ತೀ ಏನು? ಮದಿವಿ ಆದ ಮ್ಯಾಲೂ ಇಂವ ನಿನ್ನ ತಾಟಿಗೇ ಬರ್ತಾನೇನು ಮತ್ತ?"

ಎಲ್ಲರೂ ನಕ್ಕರು. ಬಾಗಿಲ ಮರೆಯಿಂದ ಗೌಡರ ಮನೆಯ ಹೆಣ್ಣುಮಕ್ಕಳೂ ನಕ್ಕರು. ನಾನು ನಿಂತಲ್ಲೇ ಹೇಳಿದೆ:

"ನನಗ ಬ್ಯಾರೆ ತಾಟ ಹಚ್ರಿ."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ ಅದು. ಗೌಡರ ಕಡೆ ತಿರುಗಿ ಅಂದ:

"ಹಚ್ರಿ, ಬ್ಯಾರೆ ಹಚ್ರಿ. ಮಗ ಗೌಂಡಿ ಆದ."

ಅವನು ಆ ದಿನ ಹುಗ್ಗಿ ಉಂಡ. ತುಪ್ಪ ಹಾಕಿಸಿಕೊಂಡು ಉಂಡ, ಇನ್ನೊಂದು ಸೌಟು ಹಾಕಿದಾಗಲೂ ಬೇಡವೆನ್ನಲಿಲ್ಲ. ತಾಟು ತೊಳೆದ ನೀರು ಅಷ್ಟನ್ನೂ ಒಬ್ಬನೇ ಕುಡಿದ. ನಾನು ನನ್ನ ತಾಟಿನಲ್ಲಿ ತಲೆ ಎತ್ತದೆ ಉಂಡೆ. ಆ ಮನೆಯ ಕೆಲಸ ಇನ್ನೂ ಎರಡು ತಿಂಗಳು ನಡೆಯಿತು, ನಮ್ಮ ಊಟ ಅಲ್ಲಿಯೇ. ಒಮ್ಮೆ ಬೇರೆಯಾದ ತಾಟು ಮತ್ತೆ ಒಂದಾಗಲಿಲ್ಲ. ಗೌಡರ ಮನೆಯವರು ಕೈ ಬಿಚ್ಚಿ ಬಡಿಸುವ ಮಂದಿ. ನೀಲಿ ಬಾಟಲಿ ಊರಲ್ಲಿತ್ತು. ಬಣ್ಣ ನೋಡುವವರು ಇರಲಿಲ್ಲ. ನಾಳೆ ಕೂತರಾಯಿತು, ನಾಡಿದ್ದು ಕೂತರಾಯಿತು ಎಂದುಕೊಳ್ಳುತ್ತ ನಾನು ದಿನ ಕಳೆದೆ.

ಪಡಸಾಲೆಗೆ ಸುಣ್ಣದ ಗಾರೆ ಹಾಕಿದ ದಿನ ಅದು. ಒಣಗದ ನೆಲದ ಅಂಚಿನಲ್ಲಿ ಅಪ್ಪ ನಡೆದು ಹೋಗಿದ್ದ. ಬಿಳಿಯ ಗಾರೆಯಲ್ಲಿ ಅವನ ಹೆಜ್ಜೆ ಸಾಲಾಗಿ ಮೂಡಿದ್ದವು, ಬಲಗಾಲಿನ ಪ್ರತಿ ಹೆಜ್ಜೆಯಲ್ಲೂ ಹೆಬ್ಬೆರಳಿನ ಜಾಗ ಕೆಂಪಾಗಿತ್ತು.

"ಅಪ್ಪಾ, ಕಾಲಿಗೆ ಏನಾಗ್ಯಾದ?"

"ಏನಾಗ್ಯಾದ? ಏನೂ ನೋವಿಲ್ಲಲೇ."

ಅಂಗಾಲು ತಿರುಗಿಸಿ ನೋಡಿದೆ. ಕಲ್ಲಿನ ಚಕ್ಕೆಯೊಂದು ಎಷ್ಟು ದಿನದಿಂದಲೋ ಒಳಗೆ ಕೂತಿತ್ತು, ಸುತ್ತಲೂ ಸುಣ್ಣ ತಿಂದು ಕರ್ರಗಾಗಿತ್ತು. ನಾನು ಚಕ್ಕೆ ಎಳೆದು ತೆಗೆದರೂ ಅವನು ಮುಖ ಕಿವುಚಲಿಲ್ಲ. ನೋವಿಲ್ಲದಿರುವುದೇ ರೋಗ ಎಂದು ಆಮೇಲೆ ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಹೇಳಿದರು. ಮೊದಲು ಎರಡು ಬೆರಳು ತೆಗೆದರು. ಹದಿನೈದು ದಿನಕ್ಕೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು.

ದವಾಖಾನೆಯ ಮೆಟ್ಟಿಲ ಮೇಲೆ ಅವ್ವ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು.

"ಬ್ಯಾರೆ ತಾಟಿನ್ಯಾಗ ಉಂಡ್ಯಾ?"

"ಹೂಂ ಬೇ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಬೈದಿದ್ದರೆ ನಾನೂ ಏನಾದರೂ ಎದುರು ಆಡಿ ಹಗುರಾಗುತ್ತಿದ್ದೆನೇನೋ. ಆ ಮಾತು ಮುಂದೆ ಅವಳು ಸಾಯುವವರೆಗೂ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಅಪ್ಪ ಮನೆಗೆ ಬಂದ. ತಾನು ಕಟ್ಟಿದ ಹೊಸ್ತಿಲನ್ನು ನಮ್ಮಿಬ್ಬರ ಹೆಗಲ ಮೇಲೆ ದಾಟಿದ. ಆ ಕಾಲನ್ನು ನೋಡಿದ ಅತ್ತಿ ಸೀದಾ ಅಡುಗೆಮನೆಗೆ ಹೋದಳು. ಅಲ್ಲಿಂದ ಸೌಟು ತಂದು ಅವ್ವನ ಕೈಗಿಟ್ಟಳು. "ತಗೋ ಬೇ," ಎಂದಳು, ಅಷ್ಟೇ. ಮರುದಿನದಿಂದ ನಳಿಗೆ ಕಾಯಿಸುವ ಕೆಲಸ ಅವಳದಾಯಿತು. ಇಷ್ಟು ವರ್ಷ ಮುಖ ತಿರುಗಿಸಿದ್ದವಳು ಈಗ ಬೆಳಕಿಂಡಿಯ ಕೆಳಗೆ ನಿಂತು, ಮಂಜಾದ ಕಣ್ಣಿಗೆ ನಳಿಗೆಯನ್ನು ಹತ್ತಿರ ಹಿಡಿದು, ಅವ್ವನಿಂದ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಅವ್ವ ಸೂಜಿ ಹಾಕುವುದನ್ನು ಕಲಿತಳು. ಔಷಧದ ಸೀಸೆ ಒದ್ದೆ ಮರಳು ತುಂಬಿದ ಗಡಿಗೆಯಲ್ಲಿ ತಣ್ಣಗೆ ಕೂತಿರುತ್ತಿತ್ತು. ನಾನು ಹಿಡಿದ ಮನೆಯ ಕೆಲಸ ಮುಗಿಸಲು ಮಾದನಹಿಪ್ಪರಗಾಕ್ಕೆ ಹೋಗಿಬರುತ್ತಿದ್ದೆ. ಊರಲ್ಲಿದ್ದಾಗ ಹೊರಗಿನ ಕಟ್ಟೆಯ ಮೇಲೆ ಒಬ್ಬನೇ ಕೂತು ಉಣ್ಣುತ್ತಿದ್ದೆ. ಅಪ್ಪನ ಗಂಗಾಳದ ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ. ಅವನೂ ಕರೆಯಲಿಲ್ಲ.

ಹೊಸ ಮನೆ ಹೊಕ್ಕ ಮೇಲೆ ಒಂದು ಮಧ್ಯಾಹ್ನ ಆ ಗೌಡರು ನಮ್ಮೂರಿಗೇ ಬಂದರು. ಬಸ್ಸಿಳಿದು, ಕೈಯಲ್ಲಿ ಡಬ್ಬಿ ಹಿಡಿದು, ಬಿಸಿಲಲ್ಲಿ ನಡೆದು ಬಂದಿದ್ದರು. ಮನೆ ಹೊಕ್ಕ ದಿನ ಗೌಂಡಿ ಬರಲಿಲ್ಲ, ಅವನ ಪಾಲಿನ ಹುಗ್ಗಿ ಮಾಡಿಸಿ ತಂದಿದ್ದೇನೆ ಎಂದರು. ಅಪ್ಪ ಕಾಲಿನ ಮೇಲೆ ವಸ್ತ್ರ ಎಳೆದುಕೊಂಡು, ಕಲ್ಲು ಬಿದ್ದು ಹೀಗಾಯಿತೆಂದು ಹೇಳಿ, ಡಬ್ಬಿಗೆ ಕೈ ಚಾಚಿದ. ಆಗ ಒಳಗಿನಿಂದ ಅತ್ತಿ ಬಂದು ಡಬ್ಬಿಯನ್ನು ನಡುವೆಯೇ ಹಿಡಿದಳು.

"ಸುಳ್ಳ ಹೇಳಾಕತ್ತಾನ್ರಿ ಗೌಡ್ರ. ನನ್ ತಮ್ಮಗ ಸಕ್ಕರಿ ಬ್ಯಾನಿ ಅದ. ಕಾಲು ತಗೊಂಡಿದ್ದು ಅದೇ. ನಾನೂ ಉಣಿಸಿ ಉಣಿಸಿ ಅದಕ್ಕ ಬಲ ಕೊಟ್ಟೇನಿ. ಇದನ್ನ ಅಂವಗ ಕೊಡಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

ಹೊಸ್ತಿಲು ದಾಟಬಾರದೆಂದ ಮಾತು ಹೊಸ್ತಿಲ ಮೇಲೆಯೇ ನಿಂತಿತ್ತು. ಗೌಡರು ಮೆಲ್ಲಗೆ ಕೇಳಿದರು:

"ಮೊದಲ ಒಂದ್ ಮಾತ ಹೇಳಿದ್ರ ನಾವು ರೊಟ್ಟಿ-ಪಲ್ಯ ಬಡಸ್ತಿರಲಿಲ್ಲೇನು, ಶರಣಪ್ಪ?"

ನಾನು ಕಟ್ಟೆಯ ಮೇಲೆ ಕೂತಿದ್ದವನು ಎದ್ದು ಹೋಗಬೇಕೆಂದಿದ್ದೆ, ಅಷ್ಟರಲ್ಲಿ ಅಪ್ಪ ಅವ್ವನಿಗೆ ಗಂಗಾಳ ತರಲು ಹೇಳಿದ. ಅವ್ವ ಅವನ ಮುಂದೆ ಎರಡು ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ಅತ್ತಿಯ ಕೈಯಲ್ಲಿದ್ದ ಡಬ್ಬಿಯನ್ನು ತೋರಿಸಿ, ಹುಗ್ಗಿಯನ್ನು ನೆಗ್ಗಿದ ಅಂಚಿಗೆ ಹಾಕೆಂದ. ಹಾಕಿದಳು. ಅವನು ಗಂಗಾಳವನ್ನು ಮೆಲ್ಲಗೆ ತಿರುಗಿಸಿದ.

"ಬಾರಲೇ. ಚೌಕಟ್ಟ ನಿಲ್ಲಿಸಿದಾಂವ ನೀ. ಹುಗ್ಗಿ ನಿನ್ನದು."

ಕೂತೆ. ಗೌಡರ ಎದುರಿಗೆ, ಮೀಸೆ ಹೊತ್ತುಕೊಂಡು, ಅಪ್ಪನ ಗಂಗಾಳದಲ್ಲಿ ಕೂತು ಹುಗ್ಗಿ ಉಂಡೆ. ಅಪ್ಪ ರೊಟ್ಟಿಯನ್ನು ಸಣ್ಣ ಸಣ್ಣ ತುತ್ತು ಮಾಡಿ, ಬಹಳ ಹೊತ್ತು ಅಗಿಯುತ್ತ, ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಆಮೇಲೆ ನನಗೊಬ್ಬನಿಗೇ ಕೇಳುವಂತೆ ಅಂದ:

"ಆ ದಿನಾ ಹುಗ್ಗಿ ಬಾಳ ರುಚಿ ಇತ್ತಲೇ. ನೀ ಎದರಿಗೆ ಕೂತಿದ್ರೂ ನಾ ಬಿಡ್ತಿರಲಿಲ್ಲ."

ಅದು ನಿಜವೋ, ನನ್ನ ಭಾರ ಇಳಿಸಲು ಆಡಿದ ಮಾತೋ, ನನಗೆ ಇಂದಿಗೂ ತಿಳಿದಿಲ್ಲ. ಉಂಡಾದ ಮೇಲೆ ಅವನು ಗಂಗಾಳಕ್ಕೆ ನೀರು ಸುರಿದ. ತನ್ನ ಕಡೆ ಸವರಿ ತೊಳೆದ, ಕೈ ಚಾಚಿ ನನ್ನ ಕಡೆಯ ನೆಗ್ಗನ್ನೂ ಸವರಿ ತೊಳೆದ. ಬೆಲ್ಲ ಕದಡಿ ನೀರು ಕಂದು ಬಣ್ಣಕ್ಕೆ ತಿರುಗಿತು. ಎತ್ತಿ ಬಾಯಿಯವರೆಗೆ ಒಯ್ದವನು ಅಲ್ಲಿಯೇ ತಡೆದ. ಒಂದು ಸಲ ಅಕ್ಕನ ಕಡೆ ನೋಡಿ, ಗಂಗಾಳವನ್ನು ಎರಡೂ ಕೈಯಿಂದ ನನ್ನ ಕಡೆ ಹಿಡಿದ. ನಾನು ಅಷ್ಟನ್ನೂ ಕುಡಿದು ಪರಸಿಯ ಮೇಲೆ ಇಟ್ಟೆ.